ನಡುಗಡ್ಡೆ ಅಳೆದ ಹಿಮ್ಮಡಿ

ನಮ್ಮ ಅತ್ತೆ ಬದುಕಿನ ಮುಕ್ಕಾಲು ಪಾಲು ಹಿಂದಕ್ಕೆ ನಡೆದವಳು. ಇದು ತೆಗಳಿಕೆಯಲ್ಲ, ಅವಳ ಕಸುಬು. ಹಗ್ಗ ಹೊಸೆಯುವವರು ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳುಗಳ ನಡುವಿನಿಂದ ಒಂದೇ ಸಮನೆ ನಾರು ಬಿಡುತ್ತಾ ಹಿಂದೆ ಹಿಂದೆ ಹೋಗಬೇಕು. ಕಣ್ಣು ಎಳೆಯ ಮೇಲೆಯೇ ಇರಬೇಕು. ಬೆನ್ನ ಹಿಂದೆ ಕಲ್ಲಿದೆಯೋ ಕಂಬವಿದೆಯೋ ಎಂದು ತಿರುಗಿ ನೋಡಿದಿರೋ, ಕೈ ಸಡಿಲವಾಗಿ ಎಳೆ ಕೆಟ್ಟಿತು. ನಮ್ಮ ಹಗ್ಗದ ಓಣಿಯ ಉದ್ದ ಇನ್ನೂರು ಹೆಜ್ಜೆ, ಮೇಲೆ ಹಲಗೆಯ ಸೂರು, ಎರಡೂ ಕಡೆ ಕಂಬಗಳು. ಆ ಇನ್ನೂರು ಹೆಜ್ಜೆಯನ್ನು ಅವಳು ದಿನಕ್ಕೆ ನಲವತ್ತು ಸಲ ಹಿಂದಕ್ಕೆ ನಡೆಯುತ್ತಿದ್ದಳು. ಊರಿನವರಿಗೆಲ್ಲ ಕಾಲ್ಬೆರಳು ಮುಂದೆ ಹೋದರೆ ಇವಳಿಗೆ ಹಿಮ್ಮಡಿ ಮುಂದೆ ಹೋಗುತ್ತಿತ್ತು. ಹಾಗಾಗಿ ಅವಳಿಗೆ ಹಿಮ್ಮಡಿ ಎಂದೇ ಹೆಸರು ಬಿತ್ತು. ರಾಟೆ ತಿರುಗಿಸುತ್ತಿದ್ದವಳು ನಾನು, ಅವಳ ಅಣ್ಣನ ಮಗಳು.

ಒಂದು ಗಳಿಗೆ ಕೂತವಳಲ್ಲ. ಕೂರಿಸಿದರೂ ಬೆರಳುಗಳು ಹಾಸಿಗೆಯ ಅಂಚಿನ ದಾರ ಕಿತ್ತು ಹೊಸೆಯಲು ಶುರುಮಾಡುತ್ತಿದ್ದವು. ನಾನು ಚಿಕ್ಕವಳಿದ್ದಾಗ ಅವಳು ಹೆಣೆದ ಜಡೆ ಮೂರು ದಿನವಾದರೂ ಬಿಚ್ಚಿಕೊಳ್ಳುತ್ತಿರಲಿಲ್ಲ, ಹುಬ್ಬು ಎರಡೂ ಮೇಲಕ್ಕೆ ಎಳೆದುಕೊಂಡು ನಾನು ಸದಾ ಬೆಚ್ಚಿಬಿದ್ದವಳ ಹಾಗೆ ಕಾಣುತ್ತಿದ್ದೆ. ಸಿಟ್ಟು ಮೂಗಿನ ತುದಿಯಲ್ಲಿ. ನನಗೂ ಅದೇ ಸಿಟ್ಟು ಬಂದಿದೆ ಎನ್ನುತ್ತಾರೆ. ಬಂದಿದ್ದರೆ ಒಳ್ಳೆಯದೇ ಆಯಿತು.

ನನಗೂ ನನ್ನ ಅಣ್ಣನಿಗೂ ಅಪ್ಪ ಅಮ್ಮ ಎರಡೂ ಅವಳೇ. ಅಮ್ಮ ನನ್ನನ್ನು ಹೆತ್ತು ಕಣ್ಣು ಮುಚ್ಚಿದಳು. ಅಪ್ಪ ನನಗೆ ಆರು ವರ್ಷವಾಗಿದ್ದಾಗ ಯುದ್ಧಕ್ಕೆ ಹೋದ. ನದಿಯ ಈ ದಡದಲ್ಲಿ ನಮ್ಮ ರಾಜನ ಸೀಮೆ, ಆ ದಡದಲ್ಲಿ ರಾಣಿಯ ಸೀಮೆ. ರಾಣಿ ನಮ್ಮ ರಾಜನಿಗೆ ವರಸೆಯಲ್ಲಿ ದೊಡ್ಡಮ್ಮ ಆಗಬೇಕು. ಒಂದೇ ಬಳ್ಳಿಯವರು, ಆದರೆ ಕಾಲು ಕೆರೆದು ಜಗಳಕ್ಕೆ ನಿಲ್ಲುವುದರಲ್ಲಿ ಒಬ್ಬರಿಗಿಂತ ಒಬ್ಬರು ಮೇಲು. ಆ ಸಲ ಅಪ್ಪ ಮೊದಲ ದೋಣಿಯಲ್ಲಿದ್ದ. ಮೊದಲ ದೋಣಿಯಿಂದ ಯಾರೂ ವಾಪಸು ಬರಲಿಲ್ಲ, ದೋಣಿಯ ಹಗ್ಗ ಮಾತ್ರ ಕೆಳಗಿನ ತಿರುವಿನಲ್ಲಿ ಸಿಕ್ಕಿತು. ಅದು ಅಪ್ಪನೂ ಅತ್ತೆಯೂ ಸೇರಿ ಹೊಸೆದ ಹಗ್ಗ. ಒಂದು ಎಳೆಯೂ ಹರಿದಿರಲಿಲ್ಲ. ಅತ್ತೆ ಅದನ್ನು ಒಲೆಗೆ ಹಾಕಿದಳು.

ಜಗಳಕ್ಕೆಲ್ಲ ಮೂಲ ನಡುಗಡ್ಡೆ. ಬೇರೆ ನದಿಗಳ ನಡುಗಡ್ಡೆಗಳು ಇದ್ದಲ್ಲೇ ಇರುತ್ತವಂತೆ. ನಮ್ಮದಕ್ಕೆ ಕಾಲಿದೆ. ಪ್ರವಾಹ ಬಂದಾಗ ಮುಳುಗುತ್ತದೆ, ನೀರು ಇಳಿದಾಗ ಇನ್ನೊಂದು ಕಡೆ ಏಳುತ್ತದೆ, ಒಂದು ವರ್ಷ ಇತ್ತ ಸರಿದು, ಒಂದು ವರ್ಷ ಅತ್ತ ಸರಿದು. ಏಳುವಾಗಲೇ ಅದರ ತುಂಬ ಆಳೆತ್ತರದ ನಾರಿನ ಗಿಡ ನಿಂತಿರುತ್ತದೆ, ಬಿತ್ತಿದವರಿಲ್ಲ. ಆ ನಾರಿನ ಹಗ್ಗ ಏಳು ವರ್ಷ ನೀರಿನಲ್ಲಿದ್ದರೂ ಕೊಳೆಯುವುದಿಲ್ಲ. ಗಡ್ಡೆ ಯಾವ ದಡಕ್ಕೆ ಹತ್ತಿರವೋ ಆ ವರ್ಷ ಆ ದಡದವರದ್ದು, ನಾರೂ ಅವರದ್ದು. ಇನ್ನೊಬ್ಬರ ಆಳು ಅದನ್ನು ಮೆಟ್ಟುವಂತಿಲ್ಲ. ಅಳತೆಗೆ ರಾಜ, ರಾಣಿ ಇಬ್ಬರೂ ಮುದ್ರೆ ಒತ್ತಿಸಬೇಕು. ಹಿಂದೆ ಒಬ್ಬ ರಾಜ ಒತ್ತಿದ ಮುದ್ರೆಯನ್ನು ತಾನೇ ಮುರಿದದ್ದಕ್ಕೆ ಗಡ್ಡೆ ಏಳು ವರ್ಷ ಮೇಲೆ ಏಳಲೇ ಇಲ್ಲ. ಎರಡೂ ದಡದವರು ಹುಲ್ಲಿನ ಹುರಿಯಲ್ಲಿ ದೋಣಿ ಕಟ್ಟಿದರು. ಅಲ್ಲಿಂದ ಈಚೆಗೆ ಮುದ್ರೆ ಎಂದರೆ ಎಂಥ ಮೀಸೆಯ ರಾಜನೂ ಮುರಿಯಲು ಹೆದರುತ್ತಾನೆ.

ಅಳೆಯುವವರು ಎರಡು ದಡದ ಹಗ್ಗದವರು. ಈ ಕಡೆಯಿಂದ ನಮ್ಮ ತಾತ ಅಳೆಯುತ್ತಿದ್ದ. ಅವನ ಕಣ್ಣು ಮಂಜಾದ ಮೇಲೆ ಅತ್ತೆ ಅಳೆದಳು, ಹನ್ನೊಂದು ವರ್ಷ. ಅಳತೆ ಹಗ್ಗ ಎಂದರೆ ಸಾಮಾನ್ಯ ಹಗ್ಗವಲ್ಲ. ಹೊಸ ಹಗ್ಗ ನೀರು ಕಂಡ ಕೂಡಲೇ ಕುಗ್ಗುತ್ತದೆ. ಅದಕ್ಕೇ ಅದನ್ನು ಮೂರು ಮಳೆಗಾಲ ನೀರಿನಲ್ಲಿ ಹಾಕಿ, ಎಳೆದು, ಒಣಗಿಸಿ, ಮತ್ತೆ ಹಾಕಿ, ಇನ್ನು ಕುಗ್ಗಲು ಏನೂ ಉಳಿದಿಲ್ಲ ಎಂದಾದ ಮೇಲೆ ಮಾರು ಮಾರಿಗೆ ಒಂದು ಬಣ್ಣದ ದಾರ ಕಟ್ಟುತ್ತಾರೆ. ತೋಳು ಚಾಚಿದಷ್ಟು ಉದ್ದಕ್ಕೆ ಒಂದು ಮಾರು. ನಮ್ಮ ಅಳತೆ ಹಗ್ಗ ತಾತನ ಅಪ್ಪನ ಕಾಲದ್ದು, ಕಪ್ಪಗೆ, ನುಣ್ಣಗೆ, ಸುರುಳಿಯಾಗಿ ಮಲಗಿರುತ್ತಿತ್ತು. ಅದನ್ನು ದಾಟಿ ಹೋದರೆ ನನಗೆ ಏಟು ಬೀಳುತ್ತಿತ್ತು.

ಅಳೆಯುವವರಿಗೆ ಒಂದು ಆಣೆ ಇದೆ. ಆ ಕೆಲಸದಲ್ಲಿ ಇರುವ ತನಕ ಆಚೆ ದಡ ಮೆಟ್ಟಬಾರದು. ಊರವರೆಲ್ಲ ಹಾಯುವ ದೋಣಿ ಹತ್ತಿ ಸಂತೆಗೆ, ನೆಂಟರ ಮನೆಗೆ ಹೋಗಿಬರುತ್ತಾರೆ, ಇವರು ಮಾತ್ರ ಗಡ್ಡೆಯ ನಡುವಿನ ಗೂಟದ ತನಕ. ವರ್ಷಕ್ಕೆ ಒಂದು ದಿನ ಇಬ್ಬರೂ ಆ ಗೂಟಕ್ಕೆ ಬರುತ್ತಾರೆ. ಒಬ್ಬರ ಹಗ್ಗವನ್ನು ಒಬ್ಬರು ಕೈಯಲ್ಲಿ ಹಿಡಿದು ನೋಡಿ, ಎಲ್ಲರಿಗೂ ಕೇಳುವ ಹಾಗೆ ‘ಹಗ್ಗ ಸರಿ ಇದೆ’ ಎನ್ನಬೇಕು. ಆಮೇಲೆ ಎರಡು ಹಗ್ಗದ ತುದಿ ಸೇರಿಸಿ ಒಂದು ಗಂಟು ಹಾಕಬೇಕು, ಆ ಗಂಟಿನ ಮೇಲೆ ಮುದ್ರೆ. ಮುದ್ರೆ ಬಿದ್ದ ಗಂಟನ್ನು ಕತ್ತರಿಸಿ ಗೂಟಕ್ಕೆ ಕಟ್ಟಿ, ಹಗ್ಗಗಳನ್ನು ಅವರವರು ವಾಪಸು ಒಯ್ಯುತ್ತಾರೆ.

ಆಚೆ ದಡದ ಹಗ್ಗದವನನ್ನು ನಾವು ಆಚೆಯವನು ಎನ್ನುತ್ತಿದ್ದೆವು. ಅತ್ತೆ ಮಾತ್ರ ಆಚೆಯವರು ಎನ್ನುತ್ತಿದ್ದಳು. ಉದ್ದನೆಯ ಆಳು, ಮಾತು ಕಡಿಮೆ, ಬೆರಳ ತುದಿಗಳು ಅತ್ತೆಯದರ ಹಾಗೇ ಸವೆದು ಹೊಳೆಯುತ್ತಿದ್ದವು. ನಾನು ಹದಿಮೂರನೇ ವಯಸ್ಸಿನಿಂದ ಹಗ್ಗದ ಸುರುಳಿ ಬಿಡಲು ಜೊತೆಗೆ ಹೋಗುತ್ತಿದ್ದೆ, ಹಾಗಾಗಿ ಕಣ್ಣಾರೆ ನೋಡಿದ್ದನ್ನೇ ಹೇಳುತ್ತೇನೆ. ಅತ್ತೆ ಕಣ್ಣು ಮುಚ್ಚಿಕೊಂಡು ಎಂಥ ಗಂಟನ್ನಾದರೂ ಎರಡು ಉಸಿರಿನಲ್ಲಿ ಹಾಕುತ್ತಾಳೆ. ಆ ಒಂದು ಗಂಟಿಗೆ ಮಾತ್ರ ಅರ್ಧ ಗಂಟೆ. ಹಾಕುವುದು, ಬಿಚ್ಚುವುದು, ‘ಇಲ್ಲ, ಇದು ಕೂತಿಲ್ಲ’ ಎನ್ನುವುದು. ಆಚೆಯವನು ‘ಹೌದು, ಕೂತಿಲ್ಲ’ ಎಂದು ತಲೆ ಅಲ್ಲಾಡಿಸುವುದು. ಅಧಿಕಾರಿಗಳು ಬಿಸಿಲಿನಲ್ಲಿ ನಿಂತು ಬೆವರು ಒರೆಸಿಕೊಳ್ಳುವುದು. ಏನು ಮಾತಾಡುತ್ತಿದ್ದರೋ, ನಾರು, ನೀರು, ಈ ವರ್ಷದ ಗಿಡ, ಅಷ್ಟೇ. ವಾಪಸು ಬರುವಾಗ ದೋಣಿಯಲ್ಲಿ ಅವಳು ಆಚೆ ದಡಕ್ಕೆ ಮುಖ ಮಾಡಿ ಕೂರುತ್ತಿದ್ದಳು. ಹಾಗೆ ಕೂತರೆ ಮನೆ ಬೆನ್ನಿಗೆ ಬರುತ್ತದೆ, ಅವಳಿಗೆ ಅದೇ ಅಭ್ಯಾಸ ಎಂದು ನಾನು ಬಹಳ ದಿನ ನಂಬಿದ್ದೆ. ದಡ್ಡಿ.

ಅತ್ತೆಯನ್ನು ಕೇಳಿಕೊಂಡು ಬಂದ ಗಂಡುಗಳಿಗೆ ಕೊರತೆ ಇರಲಿಲ್ಲ. ಒಬ್ಬ ಬಡಗಿ, ಒಬ್ಬ ಗಿರಣಿಯವನು, ಹೆಂಡತಿ ಸತ್ತ ಒಬ್ಬ ಕಾವಲುಗಾರ. ‘ಎರಡು ಮಕ್ಕಳಿದಾವೆ’ ಎಂದು ನಮ್ಮನ್ನು ತೋರಿಸಿ ಕಳಿಸುತ್ತಿದ್ದಳು. ಅಣ್ಣನಿಗೆ ಮೀಸೆ ಬಂದ ಮೇಲೂ ಅದನ್ನೇ ಹೇಳಿದಳು. ಊರಿಗೆ ವಿಷಯ ತಿಳಿಯದೇ ಇರುತ್ತದೆಯೇ?

ನನಗೆ ಹತ್ತೊಂಬತ್ತು ತುಂಬಿದ ವರ್ಷ ಗಡ್ಡೆ ಹೆಚ್ಚುಕಡಿಮೆ ನದಿಯ ನಟ್ಟನಡುವೆ ಎದ್ದಿತು. ಹಿಂದೆಂದೂ ಹಾಗೆ ಎದ್ದಿರಲಿಲ್ಲ. ರಾಜ ಹೊಸಬ, ಪಟ್ಟಕ್ಕೆ ಬಂದು ಎರಡು ವರ್ಷ ಆಗಿತ್ತು, ತನ್ನ ಹೆಸರಿಗೆ ಒಂದು ಯುದ್ಧ ಇಲ್ಲವಲ್ಲ ಎಂದು ಅವನ ಕೈ ಕಡಿಯುತ್ತಿತ್ತು. ಬೆಳಗಾದರೆ ದಡದಲ್ಲಿ ದೋಣಿ ಬಡಿಯುವ ಸದ್ದು, ಮಧ್ಯಾಹ್ನ ಕವಾಯತಿನ ಸದ್ದು. ಬೀದಿಯಲ್ಲಿ ಮೊಳೆ ಸಿಗುತ್ತಿರಲಿಲ್ಲ, ಹಲಗೆ ಸಿಗುತ್ತಿರಲಿಲ್ಲ, ಅಂಗಡಿಯವರು ಮಾತಿನ ನಡುವೆ ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದರು. ಯಾರಿಗೂ ಒಂದು ಕಡೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ನಾಯಿಗಳು ಕೂಡ ಆ ತಿಂಗಳು ಕಾರಣವಿಲ್ಲದೆ ಬೊಗಳಿದವು.

ಅಣ್ಣ ಒಂದು ದಿನ ಕುಣಿಯುತ್ತಾ ಮನೆಗೆ ಬಂದ. ಇಪ್ಪತ್ತೆರಡರ ಹುಡುಗ, ಸೈನ್ಯದ ಹೊಸ ಪಟ್ಟಿ ಸೊಂಟದಲ್ಲಿ.

“ಅತ್ತೆ, ನನ್ನನ್ನ ಮೊದಲನೇ ದೋಣಿಗೆ ಹಾಕಿದಾರೆ. ಅಪ್ಪನ ಜಾಗ!”

ಅತ್ತೆ ಒಲೆಯ ಮುಂದಿನಿಂದ ಹಿಂದಕ್ಕೇ ನಡೆದಳು. ಗೋಡೆ ತಾಗಿದ ಮೇಲೆ ನಿಂತಳು.

“ಯಾರನ್ನ ಕೇಳಿ ಸೇರ್ಕೊಂಡೆ?”

“ಎಲ್ಲಾ ಸೇರ್ತಿದಾರೆ. ನಾನೊಬ್ಬ ಮನೇಲಿ ಕೂತು ಹಗ್ಗ ಹೊಸೀಲಾ?”

“ಹೊಸಿ. ಹೊಸೆದ್ರೆ ಬೆರಳು ಸವೀತದೆ, ಅಷ್ಟೆ.”

ಅಣ್ಣ ನಕ್ಕ. ಅವನು ಅವಳಿಗಿಂತ ಒಂದು ತಲೆ ಎತ್ತರ. ಅವಳ ತಲೆಯ ಮೇಲೆ ಕೈಯಿಟ್ಟು, ‘ಏನೂ ಆಗಲ್ಲ ಬಿಡೇ’ ಎಂದ. ನನಗೆ ಅವನ ಕಪಾಳಕ್ಕೆ ಬಿಡಬೇಕೆನ್ನಿಸಿತು. ಅಷ್ಟೇ ಹೆಮ್ಮೆಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ.

ಮಾರನೇ ದಿನ ದಂಡನಾಯಕನೇ ನಮ್ಮ ಓಣಿಗೆ ಬಂದ. ಸೈನ್ಯಕ್ಕೆಲ್ಲ ದೊಡ್ಡವನು, ಗಿಡ್ಡ ಮನುಷ್ಯ, ನಡೆಯುವಾಗ ಬೂಟಿನ ಸದ್ದು ಜಾಸ್ತಿ. ನಮ್ಮ ರಾಟೆಯನ್ನು ಕಾಲಿನಿಂದ ತಿರುಗಿಸಿ ನೋಡಿ ವಿಷಯ ಹೇಳಿದ. ಗಡ್ಡೆ ನಮ್ಮದಾದ ದಿನವೇ ದೋಣಿಗಳು ಹೊರಡುತ್ತವೆ. ಗಡ್ಡೆಯ ಮೇಲೆ ಡೇರೆ, ಅಲ್ಲಿಂದ ಆಚೆ ದಡಕ್ಕೆ ಅರ್ಧ ದಾರಿ. ಗಡ್ಡೆ ಅವರದಾದರೆ ಕಾಲೂರಲು ಜಾಗವಿಲ್ಲ, ಈ ವರ್ಷ ಯುದ್ಧವಿಲ್ಲ.

“ನನ್ನ ಕಣ್ಣಿಗೇ ಕಾಣ್ತದೆ, ನಮಗೇ ಹತ್ರ ಇದೆ” ಎಂದ. “ಆದ್ರೆ ಅಳೆಯೋಳು ನೀನು. ನಿನ್ನ ಬಗ್ಗೆ ಊರಲ್ಲಿ ಏನೇನೋ ಮಾತಿದೆ.”

“ಏನು ಮಾತು?” ಅತ್ತೆ ಕೇಳಿದಳು. ಕೇಳುವ ಧಾಟಿ ನೋಡಿ ಅವನೇ ಒಂದು ಹೆಜ್ಜೆ ಹಿಂದೆ ಸರಿದ.

“ಗಂಟು ಹಾಕೋಕೆ ಅರ್ಧ ಗಂಟೆ ಹಿಡೀತದಂತೆ. ಅದಕ್ಕೇ ಅರಮನೆಯಿಂದ ಹೊಸ ಅಳತೆ ಹಗ್ಗ ಮಾಡಿಸಿದೀವಿ. ನಿಮ್ಮ ಹಳೇದು ನಮ್ಮ ಹತ್ರ ಇರ್ಲಿ.”

ಇಬ್ಬರು ಆಳುಗಳು ತಾತನ ಅಪ್ಪನ ಹಗ್ಗವನ್ನು ಹೊತ್ತುಕೊಂಡು ಹೋದರು. ಅದರ ಜಾಗದಲ್ಲಿ ಹೊಸದನ್ನು ಇಳಿಸಿದರು. ಅರಮನೆಯ ಪರದೆಗಳಿಗೆ ಹುರಿ ಮಾಡುವವನು ಮಾಡಿದ್ದಂತೆ. ಚೆಂದ ಅಂದರೆ ಚೆಂದ, ಕೆಂಪು ದಾರ, ಚಿನ್ನದ ದಾರ, ತುದಿಗೆ ಒಂದು ಕುಚ್ಚು ಬೇರೆ. ಅತ್ತೆ ಬಗ್ಗಿ ಒಂದು ಮಾರಿನಷ್ಟು ಕೈಗೆ ಎತ್ತಿಕೊಂಡಳು, ಬೆರಳಿನಲ್ಲಿ ಉಜ್ಜಿದಳು, ಮೂಸಿದಳು. ದಂಡನಾಯಕ ಹುಬ್ಬು ಹಾರಿಸಿದ. ಅವಳು ಏನೂ ಹೇಳದೆ ಹಗ್ಗ ಕೆಳಗಿಟ್ಟಳು.

ಅವನು ಹೋದ ಮೇಲೆ ನಾನೂ ಮುಟ್ಟಿ ನೋಡಿದೆ. ಒಣಹುಲ್ಲಿನ ವಾಸನೆ, ಕೈಗೆ ಚುಚ್ಚುವ ನಾರು.

“ಅತ್ತೆ, ಇದು ನೀರೇ ಕಂಡಿಲ್ಲ.”

“ಹ್ಞೂಂ.”

“ನದಿಗೆ ಬಿದ್ದ ಕೂಡ್ಲೇ ಕುಗ್ಗುತ್ತೆ. ನೂರಕ್ಕೆ ಐದು ಮಾರು ಸುಳ್ಳು ಹೇಳುತ್ತೆ. ಹತ್ರ ಇರೋದು ದೂರ ಅಂತ ಬರುತ್ತೆ.”

“ಗೊತ್ತು ಕಣೆ. ನಾನೇ ಅಲ್ವಾ ನಿಂಗೆ ಕಲಿಸಿದ್ದು?”

“ಗಡ್ಡೆ ಅವರದಾಗಿಬಿಡುತ್ತೆ! ಹೇಳ್ಬೇಕಲ್ವಾ?”

ಅವಳು ನಾರು ಸೊಂಟಕ್ಕೆ ಸುತ್ತಿಕೊಂಡು ಕೊಕ್ಕೆಗೆ ಸಿಕ್ಕಿಸಿದಳು. ‘ತಿರುಗಿಸು’ ಎಂದಳು. ನಾನು ತಿರುಗಿಸಿದೆ. ಇನ್ನೂರು ಹೆಜ್ಜೆ ಹಿಂದಕ್ಕೆ ಹೋದಳು, ಬಂದಳು, ಮತ್ತೆ ಹೋದಳು. ಆ ದಿನ ಅರವತ್ತು ಸಲ ನಡೆದಿರಬೇಕು. ನನ್ನ ತೋಳು ಬಿದ್ದುಹೋಯಿತು. ಕೊನೆಗೆ ನಾನೇ ರಾಟೆ ನಿಲ್ಲಿಸಿ ಅವಳ ಎದುರು ಹೋಗಿ ನಿಂತೆ.

“ಯಾರಿಗೋಸ್ಕರ ಸುಮ್ಮನಿರ್ತೀಯ? ಅಣ್ಣನಿಗಾ, ಆ ಆಚೆಯವನಿಗಾ? ಅದನ್ನಾದ್ರೂ ಹೇಳು.”

ಹೊಡೆಯುತ್ತಾಳೆ ಎಂದುಕೊಂಡೆ. ಅವಳು ನೆಲದ ಮೇಲೆ ಕೂತುಬಿಟ್ಟಳು. ಅವಳಾಗಿ ಅವಳೇ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಂಗೇ ಗೊತ್ತಿಲ್ಲ ಕಣೆ” ಎಂದಳು. “ನಿಮ್ಮಣ್ಣನಿಗೆ ಅಂತ ಹೇಳ್ಕೊಂಡ್ರೆ ಮನಸ್ಸು ಒಪ್ಪುತ್ತೆ. ಅಷ್ಟರಲ್ಲೇ ಅವರ ಮುಖ ಬರುತ್ತೆ. ದೋಣಿ ಹೋಗಿ ಮುಟ್ಟೋದು ಅವರ ದಡಾನೇ ಅಲ್ವಾ? ಮೊದಲು ಸಿಗೋ ಮನೇನೇ ಅವರದು. ಇಬ್ರೂ ಬದುಕಿರ್ಲಿ ಅಂತ ಆಸೆಪಡೋದು ರಾಜದ್ರೋಹ ಆದ್ರೆ ಆಗ್ಲಿ. ಆದ್ರೆ ಹನ್ನೊಂದು ವರ್ಷ ಒಂದು ಬೆರಳಷ್ಟೂ ಸುಳ್ಳು ಅಳತೆ ಕೊಟ್ಟಿಲ್ಲ ನಾನು. ಅದೊಂದು ಚುಚ್ತಾ ಇದೆ.”

ನಾನು ಅವಳ ಪಕ್ಕ ಕೂತೆ. ದಡದಲ್ಲಿ ದೋಣಿ ಬಡಿಯುವ ಸದ್ದು ಕತ್ತಲಾಗುವ ತನಕ ಕೇಳುತ್ತಲೇ ಇತ್ತು.

ಅಳತೆಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಈ ದಡದ ಉದ್ದಕ್ಕೂ ಹೊಸ ದೋಣಿಗಳು, ದೋಣಿಗಳಲ್ಲಿ ಆಳುಗಳು, ಎಲ್ಲಕ್ಕಿಂತ ಮುಂದಿನದರಲ್ಲಿ ಅಣ್ಣ. ನಮ್ಮನ್ನು ನೋಡಿ ಕೈ ಬೀಸಿದ. ನಾವು ಸಣ್ಣ ದೋಣಿಯಲ್ಲಿ ಹಗ್ಗ ಬಿಡುತ್ತಾ ಹೊರಟೆವು. ನಾನು ಸುರುಳಿ ಬಿಚ್ಚುತ್ತಿದ್ದೆ, ಅತ್ತೆ ಎಣಿಸುತ್ತಿದ್ದಳು. ಕೆಂಪು ಹಗ್ಗ ನೀರಿಗೆ ಇಳಿದು ಬಿಗಿಯುವುದು ನನ್ನ ಕೈಗೇ ತಿಳಿಯುತ್ತಿತ್ತು. ದಂಡನಾಯಕ ಪಕ್ಕದ ದೋಣಿಯಲ್ಲೇ ಇದ್ದ. ಅವನು ಬಣ್ಣದ ದಾರಗಳನ್ನು ಮಾತ್ರ ನೋಡುತ್ತಿದ್ದ. ಹಗ್ಗಕ್ಕೂ ಪ್ರಾಣವಿದೆ, ಅದೂ ಮೈ ಮುದುಡುತ್ತದೆ ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರು?

ಗೂಟ ಮುಟ್ಟಿದಾಗ ಅತ್ತೆ ಕೂಗಿದಳು, “ನೂರ ತೊಂಬತ್ತೇಳು!”

ದಂಡನಾಯಕನ ಮುಖ ಸಪ್ಪಗಾಯಿತು. ಆಚೆಯಿಂದ ಉದ್ದನೆಯ ಆಳು ತನ್ನ ಕಪ್ಪು ಹಗ್ಗ ಹಿಡಿದು ಬಂದು ಗೂಟ ಮುಟ್ಟಿದ.

“ನೂರ ತೊಂಬತ್ತಮೂರು.”

ಇನ್ನು ಹಗ್ಗ ನೋಡಬೇಕು. ಅತ್ತೆ ಅವನದನ್ನು ಕೈಗೆ ತೆಗೆದುಕೊಂಡು ‘ಹಗ್ಗ ಸರಿ ಇದೆ’ ಎಂದಳು. ಅವನು ನಮ್ಮದನ್ನು ತೆಗೆದುಕೊಂಡ. ಬೆರಳು ಆಡಿಸುತ್ತಿದ್ದಂತೆ ಅವನ ಕೈ ನಿಂತಿತು. ಅವನು ಅತ್ತೆಯ ಮುಖ ನೋಡಿದ. ಇಬ್ಬರ ನಡುವೆ ಒಂದು ಮೊಳವೂ ದೂರವಿರಲಿಲ್ಲ, ನಾನು ಅವಳ ಬೆನ್ನಿಗೇ ಇದ್ದೆ.

“ಇದು ನೀರು ಕಂಡಿಲ್ಲದ ಹಗ್ಗ” ಎಂದ, ತುಟಿ ಆಡಿಸದೆ.

“ಗೊತ್ತು.”

“ನೀವು ಸೋಲ್ತೀರ. ನಿಜವಾದ ಲೆಕ್ಕದಲ್ಲಿ ಗಡ್ಡೆ ನಿಮ್ಮದು.”

“ಅದೂ ಗೊತ್ತು. ನಮ್ಮದಾದ್ರೆ ಆ ದೋಣಿಗಳು ಹೊರಡ್ತವೆ. ಮುಂದಿನ ದೋಣೀಲಿ ನನ್ನಣ್ಣನ ಮಗ ಇದಾನೆ. ಅದು ಬಂದು ಮುಟ್ಟೋದು ನಿಮ್ಮ ಮನೆ ಬಾಗಿಲಿಗೆ.”

ಅವನು ದಡದ ಕಡೆ ಒಮ್ಮೆ ನೋಡಿದ.

“ನಾನು ಇವತ್ತಿನವರೆಗೂ ‘ಸರಿ ಇದೆ’ ಅನ್ನೋ ಮಾತನ್ನ ಸುಳ್ಳಾಗಿ ಹೇಳಿಲ್ಲ.”

“ನಾನು ಇವತ್ತಿನವರೆಗೂ ನಿಮ್ಮನ್ನ ಏನೂ ಕೇಳಿಲ್ಲ.”

ಎರಡೂ ಕಡೆಯ ಅಧಿಕಾರಿಗಳು ಗೊಣಗಲು ಶುರುಮಾಡಿದರು. ದಂಡನಾಯಕ ಗೂಟದ ಹತ್ತಿರಕ್ಕೆ ಬೂಟು ಬಡಿಯುತ್ತಾ ಬಂದ. ಈ ಮನುಷ್ಯ ಈಗ ನಿಜ ಹೇಳಿದರೆ ಅಣ್ಣ ಸಾಯುತ್ತಾನೆ, ಸುಳ್ಳು ಹೇಳಿದರೆ ಇವನ ಮರ್ಯಾದೆ ಸಾಯುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲಿ, ಸುಳ್ಳೇ ಹೇಳಲಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ.

“ಹಗ್ಗ ಸರಿ ಇದೆ” ಎಂದ, ಎಲ್ಲರಿಗೂ ಕೇಳುವ ಹಾಗೆ.

ಆ ದಿನ ಅತ್ತೆ ಎರಡೇ ಉಸಿರಿನಲ್ಲಿ ಗಂಟು ಹಾಕಿದಳು. ಇನ್ನೂ ನಿಂತಿದ್ದರೆ ಅಳು ಬರುತ್ತಿತ್ತು ಎಂದು ಆಮೇಲೆ ಹೇಳಿದಳು. ಮುದ್ರೆ ಬಿತ್ತು. ಗಡ್ಡೆ ರಾಣಿಯದಾಯಿತು. ದೋಣಿಗಳಿಂದ ಆಳುಗಳು ಒಬ್ಬೊಬ್ಬರಾಗಿ ಇಳಿದರು.

ಆದರೆ ದಂಡನಾಯಕ ದಡ್ಡನಲ್ಲ. ಹಗ್ಗದ ಗಂಧ ಗಾಳಿ ಗೊತ್ತಿಲ್ಲದಿದ್ದರೂ ಕಣ್ಣಿದ್ದವನು. ಅರಮನೆಯ ಅಂಗಳ ಗೋಡೆಯಿಂದ ಗೋಡೆಗೆ ಸರಿಯಾಗಿ ಐವತ್ತು ಮಾರು. ಹಸಿ ಹಗ್ಗವನ್ನು ಅಲ್ಲಿ ಬಿಡಿಸಿ ಹಾಸಿದ. ಹಗ್ಗದ ಐವತ್ತನೇ ದಾರ ಗೋಡೆ ಮುಟ್ಟಲಿಲ್ಲ, ಎರಡೂವರೆ ಮಾರು ಹಿಂದೆಯೇ ನಿಂತಿತು. ಅದೇ ಸಂಜೆ ಅತ್ತೆಯನ್ನು ಕರೆಸಿದ. ನಾನೂ ಹೋದೆ, ಬೇಡ ಎಂದರೂ ಹೋದೆ.

“ಕುಗ್ಗುತ್ತೆ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಬಾಯಿ ಯಾಕೆ ಬಿಡಲಿಲ್ಲ?”

“ನನ್ನ ಹಗ್ಗ ಕಿತ್ಕೊಂಡು ಹೋಗೋವಾಗ ನನ್ನ ಒಂದು ಮಾತು ಕೇಳಿದ್ರಾ?”

ಅವಳ ತಲೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ, ಯಾಕೆಂದರೆ ಹಗ್ಗ ಅರಮನೆಯದೇ, ಮುದ್ರೆ ರಾಜನದೇ. ಜೋರಾಗಿ ಶಿಕ್ಷೆ ಕೊಟ್ಟರೆ ಪರದೆ ಹುರಿಯವನ ಕೈಯಲ್ಲಿ ಅಳತೆ ಹಗ್ಗ ಮಾಡಿಸಿದ ಕಥೆ ಎರಡೂ ದಡದಲ್ಲಿ ನಗೆಪಾಟಲು. ಅಳತೆಯ ಕೆಲಸ ಕಿತ್ತುಕೊಂಡರು. ಇನ್ನು ಬದುಕಿರುವ ತನಕ ನದಿಯ ಅಂಚು ಮೆಟ್ಟಬಾರದು, ದೋಣಿ ಹತ್ತಬಾರದು ಎಂದರು. ಅವಳು ಸರಿ ಎಂದು ತಲೆ ಬಾಗಿಸಿ ಮನೆಗೆ ಬಂದು ಅನ್ನಕ್ಕೆ ನೀರಿಟ್ಟಳು. ಆಣೆಯಿಂದ ಬಿಡುಗಡೆಯಾಗಿತ್ತು, ಆದರೆ ದೋಣಿಯೇ ಇಲ್ಲ. ಹಾಗೆ ಯೋಚಿಸಿಯೇ ಆ ಶಿಕ್ಷೆ ಕೊಟ್ಟರೋ ಏನೋ, ನನಗಂತೂ ಮೈಯೆಲ್ಲ ಉರಿಯಿತು.

ಊರು ಬಾಯಿಗೆ ಬಂದಂತೆ ಆಡಿತು. ಗಂಡಸಿನ ಆಸೆಗೆ ಗಡ್ಡೆ ಮಾರಿದಳು ಎಂದರು. ಬಾವಿಯ ಹತ್ತಿರ ಹೆಂಗಸರು ನಾವು ಹೋದರೆ ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಅವರ ಗಂಡಂದಿರು, ಮಕ್ಕಳು ಎಲ್ಲ ಆ ರಾತ್ರಿ ಮನೆಯಲ್ಲೇ ಊಟ ಮಾಡಿದ್ದರು, ಅದು ಒಬ್ಬರಿಗೂ ಹೊಳೆಯಲಿಲ್ಲ. ಹೋಗಲಿ, ಊರಿನವರು. ಅಣ್ಣ?

ಅಣ್ಣ ಬಂದು ಬಾಗಿಲಲ್ಲೇ ನಿಂತ. “ನನ್ನ ಮಾನ ಕಳೆದೆ. ‘ಅತ್ತೆ ಉಳಿಸಿದ ಆಳು’ ಅಂತ ಎಲ್ಲಾ ನಗ್ತಿದಾರೆ” ಎಂದ. ಅತ್ತೆ ‘ಊಟ ಮಾಡ್ಕೊಂಡು ಹೋಗು’ ಎಂದಳು. ಅವನು ತನ್ನ ಬಟ್ಟೆಗಂಟು ಎತ್ತಿಕೊಂಡು ಬಿಡಾರಕ್ಕೆ ಹೋದ. ಇವತ್ತಿಗೂ ಅವಳ ಜೊತೆ ಮಾತಿಲ್ಲ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾನೆ. ಅವಳು ನಿಂತು ಅವನ ಬೆನ್ನು ನೋಡುತ್ತಾಳೆ. ‘ಸ್ವಲ್ಪ ದಪ್ಪಗಾಗಿದಾನೆ ಅಲ್ವಾ’ ಎನ್ನುತ್ತಾಳೆ.

ಆ ವರ್ಷ ಕಳೆದದ್ದು ಹೇಗೆಂದು ಕೇಳಬೇಡಿ. ದೋಣಿಗಳು ದಡದಲ್ಲೇ ಕಾದು ನಿಂತಿದ್ದವು. ಯುದ್ಧ ಆಗಲಿಲ್ಲ, ಆಗುವುದಿಲ್ಲ ಎಂದೂ ಯಾರೂ ಹೇಳಲಿಲ್ಲ. ಅತ್ತೆ ನಡೆದಳು. ಓಣಿಯ ತುದಿಯಿಂದ ನದಿಯ ಒಂದು ಚೂರು ಕಾಣುತ್ತಿತ್ತು, ಆ ತುದಿಗೆ ಹೋಗುವಾಗ ಅವಳ ಬೆನ್ನು ನದಿಗೆ. ಒಂದು ಸಲವೂ ತಿರುಗಲಿಲ್ಲ. ಅವಳಿಗೆ ತಲೆಯಲ್ಲಿ ಬಿಳಿ ಕೂದಲು ಬಂದದ್ದು ಆ ವರ್ಷ.

ಅಳತೆಗೆ ಬೇರೆ ಯಾರಿದ್ದಾರೆ? ನನ್ನನ್ನೇ ಕರೆಸಿದರು. “ಕೇಳದೇ ಇದ್ದರೂ ಹೇಳ್ತೀಯಾ?” ದಂಡನಾಯಕ ಕೇಳಿದ. “ಬೇಡ ಅಂದ್ರೂ ಹೇಳ್ತೀನಿ” ಎಂದೆ. ತಾತನ ಅಪ್ಪನ ಹಗ್ಗ ವಾಪಸು ಸಿಕ್ಕಿತು. ಆ ಸಲ ಗಡ್ಡೆ ಆಚೆ ದಡಕ್ಕೆ ಅಂಟಿಕೊಂಡ ಹಾಗೆ ಎದ್ದಿತ್ತು. ವಾದಕ್ಕೆ ಜಾಗವಿರಲಿಲ್ಲ, ಅಳತೆ ಬರೀ ನೆಪಕ್ಕೆ.

ಗೂಟದ ಹತ್ತಿರ ಆಚೆಯವನು ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, ದೋಣಿಯ ಕಡೆ ನೋಡಿದ. ಗಂಟು ಹಾಕುವಾಗ ಕೇಳಿದ.

“ಅವರು ಹುಷಾರಿಲ್ವಾ?”

ಈ ಮನುಷ್ಯನಿಗೆ ಏನೂ ಗೊತ್ತಿಲ್ಲ ಎಂದು ಆಗ ನನಗೆ ತಿಳಿಯಿತು. ಆಚೆ ದಡದಲ್ಲಿ ಈ ಮಾತೆತ್ತಿದರೆ ನಾಲಿಗೆ ಹೋಗುತ್ತದೆ ಎಂದು ಅರಮನೆ ಹೆದರಿಸಿತ್ತು, ಸಂತೆಗೆ ಹೋದವರೂ ಬಾಯಿ ಬಿಟ್ಟಿರಲಿಲ್ಲ. ಎಲ್ಲ ಹೇಳಿದೆ. ಕೆಲಸ ಹೋದದ್ದು, ಊರ ಮಾತು, ನದಿಯ ಅಂಚು ಮೆಟ್ಟಬಾರದೆಂದದ್ದು. ಹೇಳುತ್ತಾ ಹೇಳುತ್ತಾ ನನಗೇ ಸಿಟ್ಟು ಏರಿತು.

“ವರ್ಷಪೂರ್ತಿ ಅವಳು ನಡೆದಿದಾಳೆ. ನೀವು ಆಚೆ ಆರಾಮಾಗಿದೀರ.”

ಅವನ ಬೆರಳು ಗಂಟಿನ ಮೇಲೆ ನಿಂತಿತು. “ಸುಳ್ಳು ಹೇಳಿದೋನು ನಾನು” ಎಂದ. “ಅವರು ಬರೀ ಸುಮ್ಮನಿದ್ರು.” ಗಂಟು ಬಿಗಿದು ತನ್ನ ದೋಣಿಗೆ ಹೋದ. ಮನೆಗೆ ಬಂದು ಅತ್ತೆಗೆ ನಾನು ಇಷ್ಟೇ ಹೇಳಿದೆ, ಚೆನ್ನಾಗಿದಾರೆ, ನಿನ್ನ ಕೇಳಿದ್ರು. ಅವಳು ‘ಹ್ಞೂಂ’ ಎಂದು ರಾಟೆಗೆ ಎಣ್ಣೆ ಹಾಕಿದಳು.

ಹತ್ತು ದಿನವಾದ ಮೇಲೆ ಹಾಯುವ ದೋಣಿಯವನು ಆಚೆಯಿಂದ ಸುದ್ದಿ ತಂದ. ಆ ಹಗ್ಗದವನು ರಾಣಿಯ ಮುಂದೆ ತಾನಾಗೇ ಹೋಗಿ ನಿಂತನಂತೆ. ಹೋದ ವರ್ಷ ಹಗ್ಗ ಸರಿ ಇ‌ರಲಿಲ್ಲ, ಗೊತ್ತಿದ್ದೂ ಸರಿ ಇದೆ ಎಂದೆ ಎಂದನಂತೆ. ಹಲ್ಲಿಲ್ಲದ ರಾಣಿ, ‘ನಮಗೆ ಲಾಭ ಆಗೋ ಸುಳ್ಳನ್ನ ಬಂದು ಒಪ್ಕೋತಿದೀಯಲ್ಲೋ, ನಿಂಗೇನು ತಲೆ ಕೆಟ್ಟಿದೆಯಾ’ ಎಂದು ಬೈದಳಂತೆ. ಆದರೆ ಕಟ್ಟಳೆ ಕಟ್ಟಳೆಯೇ. ಅವನ ಕೈಯಿಂದ ಅಳತೆ ಹಗ್ಗ ಇಸಿದುಕೊಂಡರು. ಅಳೆಯುವವನಲ್ಲ ಎಂದ ಮೇಲೆ ಆಣೆಯೂ ಇಲ್ಲ.

“ಅವ್ನು ಈಗ ಎಲ್ಲಿದಾನೆ?” ಎಂದೆ.

ದೋಣಿಯವನು ತಲೆ ಕೆರೆದುಕೊಂಡ. “ನನ್ನ ದೋಣೀಲೇ ಬಂದ್ನಲ್ಲಮ್ಮಾ. ಹಗ್ಗದ ಓಣಿ ಎಲ್ಲಿ ಅಂತ ಕೇಳ್ತಿದ್ದ.”

ನಾನು ಓಡಿ ಬಂದು ರಾಟೆಯ ಮುಂದೆ ನಿಂತಾಗ ಅತ್ತೆ ಆಗಲೇ ನಾರು ಸುತ್ತಿಕೊಂಡು ಬಯ್ಯುತ್ತಿದ್ದಳು. “ಎಲ್ಲಿಗೆ ಹಾಳಾಗಿ ಹೋಗಿದ್ದೆ? ತಿರುಗಿಸು.” ನಾನು ತಿರುಗಿಸಿದೆ. ಅವಳು ಹೊರಟಳು, ಕಣ್ಣು ಎಳೆಯ ಮೇಲೆ, ಹಿಮ್ಮಡಿ ಮುಂದೆ. ಐವತ್ತು ಹೆಜ್ಜೆ ಹೋಗಿದ್ದಳೋ ಇಲ್ಲವೋ, ಓಣಿಯ ಆ ತುದಿಯ ಬಾಗಿಲಿನಲ್ಲಿ ಒಬ್ಬ ಉದ್ದನೆಯ ಆಳು ಬಂದು ನಿಂತ. ಕೈಯಲ್ಲಿ ಒಂದು ಬಟ್ಟೆಗಂಟು, ಅಷ್ಟೇ.

ನನ್ನ ಕೈ ನಿಧಾನವಾಯಿತು. ಅವನು ದೂರದಿಂದಲೇ ಕೈ ಎತ್ತಿ, ನಿಲ್ಲಿಸಬೇಡ ಎಂದು ಸನ್ನೆ ಮಾಡಿದ. ಹಗ್ಗದವನಲ್ಲವೇ, ನಡುವೆ ಕೂಗಿದರೆ ಎಳೆ ಕೆಡುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಂಟನ್ನು ಕೆಳಗಿಟ್ಟ. ಅವಳು ಬರುವ ದಾರಿಯಲ್ಲಿ ಯಾರೋ ಒಂದು ಬಕೆಟ್ಟು ಬಿಟ್ಟಿದ್ದರು. ಸದ್ದಾಗದಂತೆ ನಡೆದು ಬಂದು ಅದನ್ನು ಪಕ್ಕಕ್ಕೆ ಸರಿಸಿದ. ಮತ್ತೆ ತುದಿಗೆ ಹೋಗಿ, ಕೊನೆಯ ಕಂಬದ ಹತ್ತಿರ ಅವಳ ದಾರಿಗೆ ಅಡ್ಡವಾಗಿ ನಿಂತುಕೊಂಡ.

ನೂರು ಹೆಜ್ಜೆ. ನೂರೈವತ್ತು. “ನಿದ್ದೆ ಬಂತೇನೆ, ಜೋರಾಗಿ ತಿರುಗಿಸೇ” ಎಂದು ಅವಳು ಅಲ್ಲಿಂದಲೇ ಕೂಗಿದಳು. ನಾನು ಒಂದು ಕೈಯಲ್ಲಿ ಕಣ್ಣು ಒರೆಸಿಕೊಂಡು ತಿರುಗಿಸಿದೆ.

ಅವಳ ಹಿಮ್ಮಡಿ ಅವನ ಪಾದಕ್ಕೆ ತಾಗಿತು.

“ಯಾರದು ದಾರೀಲಿ? ಕಾಲು ತೆಗೀರಿ, ಎಳೆ ಮುಗಿದಿಲ್ಲ ಇನ್ನೂ.”

ಅವನು ಅವಳ ಭುಜದ ಮೇಲಿನಿಂದ ಕೈ ಚಾಚಿ, ಅವಳ ಬೆರಳಿನಿಂದ ಹೊರಡುತ್ತಿದ್ದ ಎಳೆಯನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದ. ಸವೆದು ಹೊಳೆಯುವ ಬೆರಳುಗಳು. ಅವಳು ಅವನ್ನು ನೋಡಿದಳು. ಅಷ್ಟು ದೂರದಿಂದ ಅವನು ಏನಾದರೂ ಅಂದನೋ ಇಲ್ಲವೋ ನನಗೆ ಕೇಳಿಸಲಿಲ್ಲ. ರಾಟೆ ತಿರುಗುತ್ತಲೇ ಇತ್ತು. ಇನ್ನೂರು ಹೆಜ್ಜೆಯ ಎಳೆ ಅವಳ ಕೈಯಿಂದ ಜಾರಿ, ಸಿಕ್ಕು ಸಿಕ್ಕಾಗಿ ಸುತ್ತಿಕೊಳ್ಳುತ್ತಾ ನನ್ನ ಕಾಲ ಹತ್ತಿರಕ್ಕೆ ಬಂದು ಬಿತ್ತು. ನಮ್ಮ ಅತ್ತೆ ತಿರುಗಿ ನಿಂತಿದ್ದಳು.